ಹಾಸನದಲ್ಲಿ ಬಾರ್ಡರ್‌ಲೈನ್‌ಗೆ ಫ್ಯಾಮಿಲಿ ಸೆಷನ್, ಮನೆಯವರನ್ನ ಕರ್ಕೊಂಡು ಹೋಗೋರಿಗೆ
ನಂಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇದೆ, ಅಂದ್ರೆ ಭಾವನೆಗಳು ಹಿಡಿತಕ್ಕೆ ಸಿಗದೆ ಬೇಗ ಬೇಗ ತಿರುಗೋ, ಹತ್ತಿರದವರು ಬಿಟ್ಟು ಹೋಗ್ತಾರೆ ಅನ್ನೋ ಭಯ ಕಾಡೋ ಮಾನಸಿಕ ತೊಂದ್ರೆ, ಟ್ರೀಟ್‌ಮೆಂಟ್ ನಡೀತಿದೆ, ಈ ರಿವ್ಯೂ ಅದೇ ಕ್ಲಿನಿಕ್‌ನಲ್ಲಿ ಮನೆಯವರಿಗೆ ಅಂತ ಕೌನ್ಸೆಲರ್ ಮೇಡಂ ಮಾಡೋ ಸೆಷನ್ ಬಗ್ಗೆ. ಕ್ಲಿನಿಕ್ ಹೆಸ್ರು ಹಾಕಲ್ಲ, ಊರು ಚಿಕ್ದು, ಗುರ್ತು ಹಿಡಿಯೋರು ಜಾಸ್ತಿ. ನೀವು ಯಾವ ಮನೋವೈದ್ಯರ ಹತ್ರ ಹೋಗ್ತಿದ್ರೂ ಈ ಥರ ಸೆಷನ್ ಇದ್ಯಾ ಅಂತ ಕೇಳಿ ನೋಡಿ.

ಅಮ್ಮ, ಅಣ್ಣ ಇಬ್ರೂ ಬಂದಿದ್ರು. ಅಮ್ಮನ ಪ್ರಕಾರ ನಂದು ಬರೀ ಹಠ, ಹಾಸನಾಂಬೆ ಬಾಗ್ಲು ತೆಗೆದಾಗ ಹರಕೆನೂ ಹೊತ್ಕೊಂಡು ಬಂದಿದ್ರು. ಅಣ್ಣ ಮೊಬೈಲಲ್ಲಿ ಏನೋ ಓದಿ ಬೈಪೋಲಾರ್ ಅಂತ ತೀರ್ಮಾನ ಮಾಡಿದ್ದ. ಮೇಡಂ ಅದನ್ನೇ ಮೊದ್ಲು ಬಿಡಿಸಿ ಹೇಳಿದ್ರು, ಬೈಪೋಲಾರ್‌ನಲ್ಲಿ ಮೂಡ್ ಏರಿದ್ರೆ ಇಳಿದ್ರೆ ದಿನಗಟ್ಲೆ ವಾರಗಟ್ಲೆ ಹಾಗೇ ಇರತ್ತೆ, ಬಾರ್ಡರ್‌ಲೈನ್‌ನಲ್ಲಿ ಕೆಲವೇ ಗಂಟೆಲಿ ತಿರುಗತ್ತೆ, ಅದೂ ಹೆಚ್ಚಾಗಿ ಹತ್ತಿರದವರ ಒಂದು ಮಾತಿಂದಾನೋ ಮುಖ ತಿರುಗಿಸಿದ್ರಿಂದಾನೋ ಶುರುವಾಗತ್ತೆ ಅಂತ. ಸ್ಕ್ಯಾನಲ್ಲಾಗ್ಲಿ ರಕ್ತ ಪರೀಕ್ಷೆಲಾಗ್ಲಿ ಗೊತ್ತಾಗೋದಲ್ಲ, 9 ಲಕ್ಷಣದಲ್ಲಿ ಕನಿಷ್ಠ 5 ಬಹಳ ಕಾಲದಿಂದ ಇದ್ರೆ ಡಾಕ್ಟ್ರು ಈ ಹೆಸ್ರು ಹೇಳೋದು. ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ, ಡಿಪ್ರೆಶನ್ನೋ ನಿದ್ದೆ ಬರದೇ ಇರೋದೋ ಜೊತೆಗಿದ್ರೆ ಅದಕ್ಕೆ ಕೊಡ್ತಾರೆ, ಮುಖ್ಯ ಚಿಕಿತ್ಸೆ ಥೆರಪಿನೇ.

ಆಮೇಲೆ ಮೇಡಂ ಒಂದು ಹಾಳೆ ತಗೊಂಡು ಮೂರು ಕಾಲಂ ಎಳೆದ್ರು. ಏನಾಯ್ತು, ಅವಳಿಗೆ ಏನನ್ನಿಸ್ತು, ನೀವೇನಂದ್ರಿ. ಅಣ್ಣ ಬಸ್ ಸ್ಟ್ಯಾಂಡಿಗೆ ಬರ್ತೀನಿ ಅಂದು 20 ನಿಮಿಷ ಲೇಟಾಗಿದ್ದ ದಿನಾನೇ ತಗೊಂಡ್ವಿ. ಎರಡನೇ ಕಾಲಂ ನಾನು ಬರೀಬೇಕಿತ್ತು, ಇವ್ನು ಇನ್ನು ಬರಲ್ಲ, ನಾನು ಇವ್ನಿಗೆ ಬೇಡ, ಯಾರಿಗೂ ಬೇಡ ಅಂತ ಬರೆದೆ. ಅಣ್ಣ ಅದನ್ನ ಓದಿ ಸುಮಾರು ಹೊತ್ತು ಮಾತಾಡ್ಲಿಲ್ಲ, ಯಾಕಂದ್ರೆ ಅವ್ನಿಗೆ ಫೋನಲ್ಲಿ ಕೇಳಿಸಿದ್ದು ನನ್ನ ಬೈಗುಳ ಮಾತ್ರ, ಅದ್ರ ಹಿಂದಿನ ಭಯ ಅಲ್ಲ, ರಾತ್ರಿ ನಾಚಿಕೆಯಿಂದ ಮುಖ ಮುಚ್ಕೊಂಡು ಮಲಗಿದ್ದಂತೂ ಅವ್ನಿಗೆ ಗೊತ್ತೇ ಇಲ್ಲ. ಮೂರನೇ ಕಾಲಂನಲ್ಲಿ ಅವ್ನೇ ಬರೆದ, "ಇಷ್ಟಕ್ಕೆಲ್ಲಾ ಇಷ್ಟೊಂದಾ?"

ಮೇಡಂ ಹೇಳಿದ್ದು, ಬರಲ್ಲ ಅಂತ ಅವಳು ಅಂದ್ಕೊಂಡಿದ್ದು ನಿಜ ಅಂತ ನೀವು ಒಪ್ಬೇಕಾಗಿಲ್ಲ, ಆದ್ರೆ ಭಯ ಆಗಿದ್ದು ನಿಜ, ಅದನ್ನ ಒಪ್ಪಿ, "ಕಾಯ್ತಾ ಕಾಯ್ತಾ ಭಯ ಆಯ್ತಾ, ಇಲ್ಲೇ ಇದೀನಿ" ಅಂದ್ರೆ ಸಾಕು. ನಂಗೆ ಬೇಕಿದ್ದಿದ್ದು ಇಷ್ಟೇ, ಇದನ್ನ ಇಷ್ಟು ವರ್ಷ ನನ್ನ ಬಾಯಿಂದ ಹೇಳೋಕೇ ಆಗಿರ್ಲಿಲ್ಲ. ಅಮ್ಮ ಕೇಳಿದ್ರು, "ಹಂಗಂತ ಅವಳು ಏನಂದ್ರೂ ಅನ್ಸ್ಕೊಂಡಿರ್ಬೇಕಾ ನಾವು?" ಬೇಡ, ಬೈತಿದ್ರೆ ಈಗ ಫೋನ್ ಇಡ್ತೀನಿ, ಎಂಟು ಗಂಟೆಗೆ ನಾನೇ ಮಾಡ್ತೀನಿ ಅನ್ನಿ, ಆದ್ರೆ ಎಂಟಕ್ಕೆ ಮಾಡ್ಲೇಬೇಕು ಅಂದ್ರು ಮೇಡಂ. ಈ ಕೊನೇ ಮಾತು ನಂಗೆ ಎಲ್ಲಕ್ಕಿಂತ ದೊಡ್ಡದು.

ಸಾಯ್ತೀನಿ ಅನ್ನೋ ಮಾತು ಬಂದ್ರೆ ಬ್ಲ್ಯಾಕ್‌ಮೇಲ್ ಅಂತ ತಳ್ಳಿ ಹಾಕ್ಬೇಡಿ, ನೇರವಾಗಿ ಕೇಳಿ, ಕೇಳಿದ್ರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ ಅಂತನೂ ಹೇಳಿದ್ರು. ಟೆಲಿ ಮಾನಸ್ 14416 ಅಮ್ಮನ ಫೋನಲ್ಲಿ ಅಲ್ಲೇ ಸೇವ್ ಮಾಡಿಸಿದ್ರು, ಮಾನಸಿಕ ಆರೋಗ್ಯದ ಸಹಾಯವಾಣಿ ಅದು, ಸರ್ಕಾರದ್ದು, ಫ್ರೀ, ರಾತ್ರಿ ಹಗಲು ಇರತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ಮನೆಯವರೂ ಮಾಡ್ಬಹುದು.

ಸರಿ ಇಲ್ಲದ್ದೂ ಹೇಳ್ಬೇಕು. ರಿಸೆಪ್ಷನ್‌ನಲ್ಲಿ ಎಲ್ಲರ ಮುಂದೆ ಹೆಸ್ರು ಕೂಗಿ ಏನು ತೊಂದ್ರೆ ಅಂತ ಕೇಳ್ತಾರೆ, ಇದು ನಿಲ್ಲಲೇಬೇಕು, ಎಷ್ಟೋ ಜನ ಇದಕ್ಕೇ ಹೆದ್ರಿ ಬರಲ್ಲ. ಇನ್ನೊಂದು, ಪೂರ್ತಿ ಡಿಬಿಟಿ, ಅಂದ್ರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಬಾರ್ಡರ್‌ಲೈನ್‌ಗೆ ಕೊಡೋ ಮಾತಿನ ಚಿಕಿತ್ಸೆ, ಇಲ್ಲಿಲ್ಲ. ಮಾರ್ಷಾ ಲಿನೆಹನ್ ಅಂತ ಅಮೆರಿಕದ ಸೈಕಾಲಜಿಸ್ಟ್ ಬೆಳೆಸಿದ ಥೆರಪಿ ಅದು, ಚಿಕ್ಕ ವಯಸ್ಸಲ್ಲಿ ತಾನೂ ಇಂಥದ್ದೇ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದೆ ಅಂತ ಆಯಮ್ಮ 2011ರಲ್ಲಿ ಎಲ್ಲರ ಮುಂದೆ ಹೇಳ್ಕೊಂಡ್ರು, ಅದನ್ನ ಕೇಳಿ ನಂಗೆ ಎಷ್ಟು ಧೈರ್ಯ ಬಂತು ಅಂದ್ರೆ ಹೇಳೋಕಾಗಲ್ಲ. ವಾರಕ್ಕೊಂದು ಗ್ರೂಪ್ ಕ್ಲಾಸು, ಜೊತೆಗೆ ಒಬ್ಬೊಬ್ರಿಗೇ ಥೆರಪಿ ಅಂತ ಇರತ್ತೆ ಅದ್ರಲ್ಲಿ, ಈ ಕ್ಲಿನಿಕ್‌ನವರು ಅದಕ್ಕೆ ಬೆಂಗಳೂರಿಗೆ ಬರೆದು ಕೊಡ್ತಾರೆ, ದಿನಗೂಲಿ ಬಿಟ್ಟು ಯಾರು ವಾರ ವಾರ ಬೆಂಗಳೂರಿಗೆ ಓಡಾಡ್ತಾರೆ ಹೇಳಿ.

ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಆ ರಿಸೆಪ್ಷನ್‌ಗೆ ಕಟ್. ಶನಿವಾರ ರಶ್ ಇರತ್ತೆ, ವಾರದ ಮಧ್ಯೆ ಹೋಗಿ, ಮೊದ್ಲೇ ಫೋನ್ ಮಾಡಿ ಫ್ಯಾಮಿಲಿ ಸೆಷನ್ ಅಂತ ಬಿಡಿಸಿ ಹೇಳಿ, ಇಲ್ಲಾಂದ್ರೆ ಹತ್ತು ನಿಮಿಷದ ಸ್ಲಾಟ್ ಹಾಕ್ಬಿಡ್ತಾರೆ. ಮನೇಲಿ ಒಬ್ರೇ ಬರೋಕಾಗೋದು ಅಂದ್ರೆ ನಿಮ್ ಜೊತೆ ದಿನಾ ಜಗಳ ಆಗತ್ತಲ್ಲ, ಅವರನ್ನೇ ಕರ್ಕೊಂಡು ಹೋಗಿ.