ಮೂರು ಚೀಲದ ಬಟ್ಟೆ ಸ್ಟ್ಯಾಂಡ್: ಸ್ಟ್ಯಾಂಡ್ ಪಾಸು, ಚೀಲ ಫೇಲು

ಕೊಳೆ ಬಟ್ಟೆ ಹಾಕುವುದಕ್ಕೆ ಅಂತ ಮೂರು ಚೀಲದ ಸ್ಟ್ಯಾಂಡ್ ಒಂದನ್ನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 1,350 ರೂಪಾಯಿಗೆ ತಂದೆವು. ಪೈಪಿನ ಚೌಕಟ್ಟು, ಅದಕ್ಕೆ ನೇತುಹಾಕುವ ಮೂರು ಚೀಲ, ಕೆಳಗೆ ನಾಲ್ಕು ಚಕ್ರ. ಹೆಸರು ಹೇಳುವಂಥ ಕಂಪನಿಯದ್ದಲ್ಲ. ಮನೆಯಲ್ಲಿ ನಾವು ಐದು ಜನ: ನಾನು, ಹೆಂಡತಿ, ಅಮ್ಮ, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ.

ಇದರ ದೊಡ್ಡ ಗುಣ ಅಂದರೆ ಮುಚ್ಚಳ ಇಲ್ಲದಿರುವುದು. ಎತ್ತರ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ, ಮಗನ ಸೊಂಟದ ಮಟ್ಟಕ್ಕೆ ಬರುತ್ತದೆ. ಮಕ್ಕಳು ಬಟ್ಟೆ ಎಲ್ಲೆಂದರಲ್ಲಿ ಬಿಸಾಡುತ್ತಾರೆ ಎಂದು ದೂರುವವರು ಮೊದಲು ತಮ್ಮ ಬುಟ್ಟಿ ನೋಡಿಕೊಳ್ಳಬೇಕು. ನಮ್ಮ ಹಳೇ ಬುಟ್ಟಿಗೆ ಮುಚ್ಚಳ, ಮುಚ್ಚಳದ ಮೇಲೆ ಬಕೆಟ್ಟು, ಬಕೆಟ್ಟಿನೊಳಗೆ ಮಗ್ಗು. ಅಷ್ಟೆಲ್ಲ ಎತ್ತಿಟ್ಟು ಒಂದು ಚಡ್ಡಿ ಹಾಕು ಅಂದರೆ ಯಾರು ಹಾಕುತ್ತಾರೆ? ಈಗ ಮಗ ದೂರದಿಂದಲೇ ಸಾಕ್ಸ್ ಎಸೆಯುತ್ತಾನೆ. ಗುರಿ ತಪ್ಪಿದರೆ ಎತ್ತಿಕೊಂಡು ಮತ್ತೆ ಎಸೆಯುತ್ತಾನೆ. ಬೈಯುವ ಕೆಲಸವೇ ಬರಲಿಲ್ಲ.

ಬಿಳಿ, ತಿಳಿ, ಗಾಢ ಎಂದು ಚೀಲಗಳ ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದಾರೆ. ನಮಗೆ ಆ ಲೆಕ್ಕ ಹೊಂದಲಿಲ್ಲ. ಒಂದು ಚೀಲ ಬಿಳಿಯದಕ್ಕೇ ಇರಲಿ ಎಂದೆವು: ಶನಿವಾರದ ಯೂನಿಫಾರ್ಮ್, ನನ್ನ ಪಂಚೆ, ಬನಿಯನ್ನು. ಇನ್ನೊಂದು ದಿನಬಳಕೆಗೆ. ಮೂರನೆಯದು ಬಣ್ಣ ಬಿಡುವವಕ್ಕೆ. ಬಣ್ಣ ಬಿಡುತ್ತದಾ ಅಂತ ನೋಡುವುದು ಮಗಳ ಕೆಲಸ. ಹೊಸ ಬಟ್ಟೆ ಬಂದರೆ ಒಳಗಿನ ಮಡಿಕೆಯ ತುದಿ ಒದ್ದೆ ಮಾಡಿ, ಬಿಳಿ ಕರ್ಚೀಫಿನಿಂದ ಒತ್ತಿ ನೋಡುತ್ತಾಳೆ. ಕಾಲರಿನ ಲೇಬಲ್ಲೂ ಅವಳೇ ಓದುತ್ತಾಳೆ. ನೀರಿನ ತೊಟ್ಟಿಯಲ್ಲಿ ಕೈ ಇರುವ ಚಿತ್ರ ಇದ್ದರೆ ಕೈಯಲ್ಲೇ ಒಗೆಯಬೇಕು, ತ್ರಿಕೋನಕ್ಕೆ ಗೀಟು ಹೊಡೆದಿದ್ದರೆ ಬ್ಲೀಚ್ ಹಾಕಬಾರದು, ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದೇ ಚುಕ್ಕಿ ಇದ್ದರೆ ಕಡಿಮೆ ಬಿಸಿ ಸಾಕು. ನನ್ನ ಹೆಂಡತಿಗೂ ಇವಳೇ ಪಾಠ ಮಾಡಿದಳು!

ಮಗನ ಪಾಲಿಗೆ ಜೇಬು ತಡಕುವ ಕೆಲಸ. ಪೆನ್ಸಿಲ್ ತುಂಡು, ರಬ್ಬರ್, ಚಾಕಲೇಟ್ ಸುತ್ತಿದ ಕಾಗದ, ಎಲ್ಲ ಅಲ್ಲೇ ಇರುತ್ತವೆ. ಟಿಶ್ಯೂ ಪೇಪರ್ ಒಂದು ಉಳಿದುಬಿಟ್ಟರೆ ಮೆಷಿನ್ನಿನಲ್ಲಿ ಕರಗಿ ಎಲ್ಲ ಬಟ್ಟೆಗೂ ಅಂಟುತ್ತದೆ. ಜೇಬಿನಲ್ಲಿ ಸಿಕ್ಕ ಚಿಲ್ಲರೆ ಅವನಿಗೇ ಎಂದು ಹೇಳಿದ್ದೇವೆ. ಆಮೇಲೆ ನೋಡಿ, ನನ್ನ ಪ್ಯಾಂಟನ್ನು ಮೊದಲು ಹಿಡಿಯುತ್ತಾನೆ.

ಒಂದು ಚೀಲ ತುಂಬಿದರೆ ನಮ್ಮ 6.5 ಕೆಜಿ ಮೆಷಿನ್ನಿಗೆ ಒಂದು ಸಲಕ್ಕೆ ಸರಿಹೋಗುತ್ತದೆ. ಹಾಗಾಗಿ ಇವತ್ತು ಯಾವುದನ್ನು ಹಾಕಬೇಕು ಎಂದು ಕೇಳುವ ಪ್ರಮೇಯವೇ ಇಲ್ಲ. ತುಂಬಿದ ಚೀಲವನ್ನು ಮಗಳು ಹಿಡಿಕೆ ಹಿಡಿದು ಬಿಚ್ಚಿ ಮೆಷಿನ್ ಹತ್ತಿರ ಒಯ್ಯುತ್ತಾಳೆ.

ಅಮ್ಮನಿಗೆ ಮಾತ್ರ ಇದು ಹಿಡಿಸಿಲ್ಲ. ಮೈಲಿಗೆ ಬಟ್ಟೆ ನಡುಮನೆಯಲ್ಲಿ ಇಡೋದಾ ಎಂದು ಮೊದಲ ದಿನವೇ ತಕರಾರು ತೆಗೆದರು. ಸ್ಟ್ಯಾಂಡ್ ಹಿತ್ತಲ ಬಾಗಿಲಿನ ಪಕ್ಕಕ್ಕೆ ಹೋಯಿತು. ಚಕ್ರ ಇದ್ದದ್ದಕ್ಕೆ ಜಗಳ ಅಲ್ಲಿಗೇ ಮುಗಿಯಿತು. ಅಮ್ಮನ ಇಳಕಲ್ ಸೀರೆಗಳು ಈಗಲೂ ಒಗೆಯುವ ಕಲ್ಲಿಗೇ. ಆದರೆ ಚೀಲಕ್ಕೆ ಬೀಳದ್ದನ್ನು ಒಗೆಯುವುದಿಲ್ಲ ಎಂದು ನಾವು ಮಾಡಿದ ನಿಯಮವನ್ನು ಮುರಿಯುವವರೂ ಇವರೇ. "ಪಾಪ, ಮಗು ಸುಸ್ತಾಗಿ ಬಂದಿದೆ ಕಣೋ" ಎನ್ನುತ್ತ ಮಂಚದ ಕೆಳಗಿನ ಷರ್ಟನ್ನು ಸುಮ್ನೆ ಎತ್ತಿ ಹಾಕಿಬಿಡುತ್ತಾರೆ. ಇದಕ್ಕೆ ಯಾವ ಸ್ಟ್ಯಾಂಡೂ ಏನೂ ಮಾಡಲಾರದು.

ಈಗ ದೂರು. ಚೀಲದ ಒಳಗೆ ನೀರು ಇಳಿಯದ ಹಾಗೆ ಪ್ಲಾಸ್ಟಿಕ್ ಲೇಪನ ಇದೆ. ಅಂಗಡಿಯವರು ಅದನ್ನೇ ದೊಡ್ಡದಾಗಿ ಹೇಳಿ ಮಾರಿದರು. ಮಲೆನಾಡಿನ ಮಳೆಗಾಲದಲ್ಲಿ ಅದೇ ಶನಿ. ಗಾಳಿಯಾಡುವುದಿಲ್ಲ. ಅರ್ಧ ಒದ್ದೆಯ ಟವೆಲ್ ಒಂದು ಬಿದ್ದರೆ ಇಡೀ ಚೀಲಕ್ಕೆ ಮುಗ್ಗಲು ವಾಸನೆ, ಕಾಟನ್ ಬಟ್ಟೆಗೆ ಕಪ್ಪು ಬೂಸ್ಟಿನ ಚುಕ್ಕಿ. ಈಗ ಟವೆಲ್ಲು, ಮಳೆಯಲ್ಲಿ ನೆನೆದು ಬಂದ ಯೂನಿಫಾರ್ಮು ಮೊದಲು ಹಗ್ಗಕ್ಕೆ, ಆಮೇಲೆ ಚೀಲಕ್ಕೆ. ಚೀಲವನ್ನೇ ಒಗೆಯೋಣ ಅಂದರೆ ತಳದಲ್ಲಿ ರಟ್ಟು ಹೊಲಿದಿದ್ದಾರೆ. ಮೂಲೆಯ ಪ್ಲಾಸ್ಟಿಕ್ ಜೋಡಣೆ ಒಂದು ಆಗಲೇ ಸೀಳಿದೆ, ತಂತಿ ಕಟ್ಟಿದ್ದೇನೆ. ಅಗಲವೂ ಜಾಸ್ತಿ, ಸಣ್ಣ ಬಾತ್‌ರೂಮಿನವರು ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಚೀಲ ಮಾತ್ರ ಬೇರೆ ಸಿಗುತ್ತದಾ ಎಂದು ಅದೇ ಅಂಗಡಿಯಲ್ಲಿ ಕೇಳಿದೆ. ಇಲ್ಲವಂತೆ. ದಪ್ಪ ಕಾಟನ್ ಬಟ್ಟೆ ತಂದು, ಅದೇ ಅಳತೆಗೆ ಮೂರು ಚೀಲ ಹೊಲಿಯಲು ನಮ್ಮ ಟೈಲರ್‌ಗೆ ಕೊಟ್ಟಿದ್ದೇನೆ. ತಳಕ್ಕೆ ರಟ್ಟು ಬೇಡ ಎಂದು ಎರಡು ಸಲ ಹೇಳಿ ಬಂದಿದ್ದೇನೆ.