ಏಳು ಗಂಟೆ, ಐದು ಸವಾರಿ: ಥೀಮ್ ಪಾರ್ಕ್ ಪ್ರವಾಸ ಇಡೀ ಮನೆಮಂದಿಗೆ ತಕ್ಕುದೇ?

ಕಳೆದ ಬೇಸಿಗೆ ರಜೆಯ ಒಂದು ಭಾನುವಾರ ನಾವು ಐದು ಮಂದಿ ಮೈಸೂರಿನಿಂದ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿದ್ದೆವು: ನಾನು, ನನ್ನ ಪತಿ, ಎಪ್ಪತ್ತು ದಾಟಿದ ಅತ್ತೆಯವರು, 13 ವರ್ಷದ ಮಗ, 6 ವರ್ಷದ ಮಗಳು. ಟಿಕೆಟ್, ಬಾಡಿಗೆ ಕಾರು, ಊಟ, ಲಾಕರ್, ನೀರಾಟಕ್ಕೆ ಕಡ್ಡಾಯವಾದ ನೈಲಾನ್ ಉಡುಪು ಎಲ್ಲ ಸೇರಿ 14,000 ರೂಪಾಯಿಗೆ ಸ್ವಲ್ಪ ಹೆಚ್ಚೇ ಖರ್ಚಾಯಿತು. ಒಳಗಿದ್ದ ಏಳು ಗಂಟೆಗಳಲ್ಲಿ ಮಗನಿಗೆ ದಕ್ಕಿದ್ದು ಐದು ಸವಾರಿ, ಮಗಳಿಗೆ ಮೂರು, ಅತ್ತೆಯವರಿಗೆ ನೆರಳಿನ ಒಂದು ಬೆಂಚು.

ಮೊದಲು ಒಳ್ಳೆಯದನ್ನು ಹೇಳಬೇಕು. ಶೌಚಾಲಯಗಳು, ಬಟ್ಟೆ ಬದಲಾಯಿಸುವ ಕೋಣೆಗಳು ಸ್ವಚ್ಛವಾಗಿದ್ದವು. ಪ್ರತಿ ಸವಾರಿಗೂ ಮುನ್ನ ಸಿಬ್ಬಂದಿ ಒಬ್ಬೊಬ್ಬರ ಬೆಲ್ಟನ್ನೂ ಎಳೆದು ನೋಡುತ್ತಿದ್ದರು. ರೋಲರ್ ಕೋಸ್ಟರಿನಿಂದ ಇಳಿದ ಮಗನ ಗಂಟಲು ಕೂಗಿ ಕೂಗಿ ಕಟ್ಟಿಹೋಗಿತ್ತು, ಆದರೂ ಇನ್ನೊಮ್ಮೆ ಹೋಗೋಣವೆಂದು ನನ್ನ ಕೈ ಜಗ್ಗಿದ. ಆ ಸಂತೋಷ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ತೊಂದರೆ ಇರುವುದು ಸಾಲಿನಲ್ಲಿ. ನಾನು ಕಾದು ನಿಂತು ಗಮನಿಸಿದ ಒಂದು ಸವಾರಿಯಲ್ಲಿ 24 ಆಸನಗಳಿದ್ದವು. ಹತ್ತುವುದು, ಬೆಲ್ಟ್ ಬಿಗಿಯುವುದು, ಸುತ್ತುವುದು, ಇಳಿಯುವುದು ಎಲ್ಲಕ್ಕೂ ಸುಮಾರು ಐದು ನಿಮಿಷ ಹಿಡಿಯುತ್ತಿತ್ತು. ಅಂದರೆ ಎಲ್ಲವೂ ಸರಾಗವಾಗಿ ನಡೆದರೂ ಗಂಟೆಗೆ 288 ಜನ. ಹೆಚ್ಚು ಹಣ ಕೊಟ್ಟು ಫಾಸ್ಟ್ ಟ್ರ್ಯಾಕ್ ಟಿಕೆಟ್ ಪಡೆದವರಿಗೆ ಪ್ರತಿ ಸುತ್ತಿನಲ್ಲಿ ಎಂಟು ಆಸನ ಹೋದರೆ ಉಳಿದವರ ಪಾಲಿಗೆ ಬರುವುದು 192, ಹಾಗಾಗಿ ಮುಂದೆ ಇನ್ನೂರು ಜನರಿದ್ದರೆ ಒಂದು ಗಂಟೆ ಮೀರಿ ಕಾಯುವುದು ಖಚಿತ. ಬೇಗ ಹೋಗುವವರಿಗಾಗಿ ಹೊಸ ಆಸನಗಳೇನೂ ಹುಟ್ಟುವುದಿಲ್ಲ. ಅವರು ಉಳಿಸಿಕೊಂಡ ಸಮಯವನ್ನು ಸಾಮಾನ್ಯ ಸಾಲಿನಲ್ಲಿ ನಿಂತ ಮಕ್ಕಳು ಬಿಸಿಲಿನಲ್ಲಿ ಕಳೆಯುತ್ತಾರೆ. ಪೂರ್ತಿ ಟಿಕೆಟ್ ಕೊಂಡವರಿಗೆ ಇದು ನ್ಯಾಯವೆಂದು ನನಗೆ ಅನ್ನಿಸಲಿಲ್ಲ.

ದೊಡ್ಡ ಸವಾರಿಗಳಿಗೆ 140 ಸೆಂ.ಮೀ. ಎತ್ತರ ಬೇಕೆಂಬ ನಿಯಮವಿತ್ತು. ಸುರಕ್ಷತೆಗಾಗಿ ಮಾಡಿದ ಆ ನಿಯಮ ಸರಿಯಾದದ್ದೇ. ಆದರೆ ಟಿಕೆಟ್ ಕಿಟಕಿಯಲ್ಲಿ ಮಗಳ ಎತ್ತರ ಅಳೆದು ದರ ನಿಗದಿ ಮಾಡಿದವರು, ಆ ಎತ್ತರಕ್ಕೆ ಯಾವ ಯಾವ ಸವಾರಿ ಸಿಗುತ್ತದೆ ಎಂಬುದನ್ನೂ ಅಲ್ಲೇ ತಿಳಿಸಬೇಕಿತ್ತು. ಮೂರು ಕಡೆ ಸಾಲಿನ ತುದಿ ಮುಟ್ಟಿದ ಮೇಲೆ ಹಿಂದಕ್ಕೆ ಕಳಿಸಿಕೊಂಡ ಮಗು ನಾಲ್ಕನೆಯ ಕಡೆ ಸಾಲಿಗೆ ನಿಲ್ಲಲೇ ಒಪ್ಪಲಿಲ್ಲ. ದೊಡ್ಡವರಿಬ್ಬರಲ್ಲಿ ಒಬ್ಬರು ಮಗನ ಜೊತೆ, ಇನ್ನೊಬ್ಬರು ಮಗಳ ಜೊತೆ ಎಂದಾಗಿ, ಐವರೂ ಕೂಡಿದ್ದು ಊಟದ ಮೇಜಿನ ಮುಂದೆ ಮಾತ್ರ.

ಮೈಸೂರಿನಲ್ಲಿರುವ ನಮಗೆ ಹೋಲಿಕೆಗೆ ದೂರ ಹೋಗಬೇಕಿಲ್ಲ. 1892ರಲ್ಲಿ ಆರಂಭವಾದ ನಮ್ಮ ಮೃಗಾಲಯದಲ್ಲಿ ನಡೆಯಲಾರದವರಿಗೆ ಬ್ಯಾಟರಿ ವಾಹನವಿದೆ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳನ್ನು ಅಜ್ಜಿ ಮೊಮ್ಮಗಳು ಒಟ್ಟಿಗೆ ನೋಡಬಹುದು. ರಂಗನತಿಟ್ಟಿನ ದೋಣಿಯಲ್ಲಿ ಮೊಸಳೆ ಕಂಡಾಗ ಐವರೂ ಒಂದೇ ಕಡೆ ತಿರುಗುತ್ತೇವೆ, ಅಲ್ಲಿ ಯಾರೂ ಯಾರ ಎತ್ತರವನ್ನೂ ಅಳೆಯುವುದಿಲ್ಲ. ಕೆ.ಆರ್.ಎಸ್.ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆಂಬುದು ನೆನಪಿರಲಿ. ಭಾನುವಾರ ಸಂಜೆಯ ಅರಮನೆ ದೀಪಾಲಂಕಾರವನ್ನಂತೂ ರಸ್ತೆಯಿಂದಲೇ ನೋಡಬಹುದು.

ಮಕ್ಕಳೆಲ್ಲ ಹನ್ನೆರಡು ದಾಟಿದವರಾಗಿದ್ದು, ರಜೆಯಿಲ್ಲದ ವಾರದ ಮಧ್ಯದ ದಿನ ಹೋಗುವುದಾದರೆ ಥೀಮ್ ಪಾರ್ಕಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಚಿಕ್ಕವರು, ಹಿರಿಯರು ಜೊತೆಗಿದ್ದರೆ, ಅದರಲ್ಲೂ ರಜೆಯ ದಿನಗಳಲ್ಲಿ, ಅಲ್ಲಿಗೆ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ. ಮುಂದಿನ ಬಾರಿ ಮಗನನ್ನು ಅವನ ಚಿಕ್ಕಪ್ಪ ಮತ್ತು ಅವರ ದೊಡ್ಡ ಮಕ್ಕಳ ಜೊತೆ ಕಳಿಸುತ್ತೇವೆ. ಅಂದು ಅತ್ತೆಯವರು, ಮಗಳು, ನಾನು ಮೃಗಾಲಯಕ್ಕೆ ಹೋಗುವುದೆಂದು ಈಗಲೇ ಮಾತಾಗಿದೆ. ಮೃಗಾಲಯಕ್ಕೆ ವಾರದ ರಜೆಯಿರುವ ಮಂಗಳವಾರ ಅದಾಗದಂತೆ ನೋಡಿಕೊಳ್ಳಬೇಕು.