ಪಿಎಂಎಫ್‌ಎಂಇ ಸಹಾಯಧನ: ಕೋಲಾರದ ಟೊಮೇಟೊ ಪುಡಿ ಘಟಕದಿಂದ ಒಂದು ವಿಮರ್ಶೆ

"ಅಕ್ಕ, ಆ ಸಬ್ಸಿಡಿ ನಿಜವಾಗ್ಲೂ ಬರುತ್ತಾ?" ಮುಳಬಾಗಿಲಿನಿಂದ, ಚಿಂತಾಮಣಿಯಿಂದ, ವೇಮಗಲ್ ಕಡೆಯಿಂದ ಫೋನ್ ಮಾಡೋರೆಲ್ಲ ಮೊದಲು ಕೇಳೋದು ಇದನ್ನೇ. ಅವರು ಕೇಳೋದು ಪಿಎಂಎಫ್‌ಎಂಇ ಬಗ್ಗೆ, ಅಂದರೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡೋ ಯೋಜನೆ. ಬರುತ್ತೆ. ನನಗೆ ಬಂದಿದೆ. ಆದರೆ ಆ ದುಡ್ಡು ಯಾವುದಕ್ಕೆ ಒದಗುತ್ತೆ, ಯಾವುದಕ್ಕೆ ಒಂದು ಪೈಸೆಯೂ ಸಿಗಲ್ಲ ಅನ್ನೋದನ್ನ ತಿಳ್ಕೊಂಡು ಅರ್ಜಿ ಹಾಕಿ. ಅದಕ್ಕೇ ಇಷ್ಟು ವಿವರವಾಗಿ ಬರೀತಿದ್ದೀನಿ.

ನಮ್ಮದು ಕೋಲಾರ ತಾಲ್ಲೂಕಿನ ಹಳ್ಳಿಯಲ್ಲಿ, ಮನೆ ಪಕ್ಕದ ಶೀಟಿನ ಶೆಡ್ಡಲ್ಲಿ ನಡೆಯೋ ಸಣ್ಣ ಘಟಕ. ಟೊಮೇಟೊ ಹೋಳು ಒಣಗಿಸಿ ಪುಡಿ ಮಾಡ್ತೀವಿ. ಹೋಟೆಲಿನವರು, ಮಸಾಲೆ ಪುಡಿ ಮಾಡೋರು ತಗೋತಾರೆ. ಕೋಲಾರದ ಮಂಡಿ ಕಂಡವರಿಗೆ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಕೊಯ್ಲಿನ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದೆ ಹಣ್ಣನ್ನ ಹೊಲದಲ್ಲೇ ಬಿಟ್ಟವರೂ ನಮ್ಮೂರಲ್ಲೇ ಇದ್ದಾರೆ.

ಯೋಜನೆ ಕೇಂದ್ರದ್ದು, 2020ರಲ್ಲಿ ಬಂತು. ಕರ್ನಾಟಕದಲ್ಲಿ ಅದರ ಹೊಣೆ ಕೆಪೆಕ್‌ನದು, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮದ್ದು. ಜಿಲ್ಲೆಗೊಂದು ಬೆಳೆ ಆರಿಸಿರೋ 'ಒಂದು ಜಿಲ್ಲೆ ಒಂದು ಉತ್ಪನ್ನ'ದಲ್ಲಿ ಕೋಲಾರಕ್ಕೂ ಚಿಕ್ಕಬಳ್ಳಾಪುರಕ್ಕೂ ಟೊಮೇಟೊ, ತುಮಕೂರಿಗೆ ತೆಂಗು. ಮೂಲ ನಿಯಮದ ಪ್ರಕಾರ ಸಹಾಯಧನ ಶೇ 35, ಗರಿಷ್ಠ 10 ಲಕ್ಷ. ನಮ್ಮ ರಾಜ್ಯ ಸರ್ಕಾರ ತನ್ನ ಕಡೆಯಿಂದ ಇನ್ನೂ ಶೇ 15 ಸೇರಿಸಿ ಅದನ್ನ ಶೇ 50, ಗರಿಷ್ಠ 15 ಲಕ್ಷ ಮಾಡಿದೆ. ನನ್ನ ಮಟ್ಟಿಗೆ ಈ ಯೋಜನೆಯ ಜೀವ ಇರೋದೇ ಈ ಶೇ 15ರಲ್ಲಿ. ಲೆಕ್ಕ ಹೀಗೆ: 10 ಲಕ್ಷದ ಘಟಕ ಅಂದರೆ ಕೈಯಿಂದ 1 ಲಕ್ಷ, ಬ್ಯಾಂಕಿನ ಸಾಲ 9 ಲಕ್ಷ, ಅದರಲ್ಲಿ 5 ಲಕ್ಷ ಸಹಾಯಧನ. ಅರ್ಧಕ್ಕೆ ಅರ್ಧ ಹೊರೆ ಇಳಿಯುತ್ತೆ ಅಂದಮೇಲೇ ನಮ್ಮ ಯಜಮಾನರು ಕೊಟೇಷನ್ ತರೋಕೆ ಹೊರಟಿದ್ದು. ಆದರೆ ಅದು ಕೈಗೆ ಸಿಗೋ ಕಾಸಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಇರುತ್ತೆ. ಕಂತು ತಪ್ಪದೆ ಕಟ್ಟಿ, ಘಟಕ ನಡೀತಾ ಇದ್ದರೆ ಸಾಲಕ್ಕೆ ವಜಾ ಆಗುತ್ತೆ.

ಅರ್ಜಿದಾರರಿಗೆ ನೆರವಾಗೋಕೆ ಇರೋ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಗೆ ನಾನು ಪೂರ್ತಿ ಅಂಕ ಕೊಡ್ತೀನಿ. ನಮ್ಮ ಅರ್ಜಿ ನೋಡಿದ ಹುಡುಗ ಶೆಡ್ಡಿಗೇ ಬಂದು, ಕರೆಂಟ್ ಲೋಡ್ ಎಷ್ಟಿದೆ ನೋಡಿ, ನೆಲದ ಮೇಲೆ ಕೂತು ಡಿಪಿಆರ್ (ಘಟಕದ ವಿವರವಾದ ಯೋಜನಾ ವರದಿ) ಬರೆದ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೂ ಅವನೇ. ಕೈಯಲ್ಲಿ ಏನಾದ್ರೂ ಇಡೋಣ ಅಂದ್ರೆ, "ಬೇಡಕ್ಕ, ನಮಗೆ ಸರ್ಕಾರವೇ ಕೊಡುತ್ತೆ" ಅಂದ. ಅದು ನಿಜ. ಈ ಕೆಲಸಕ್ಕೆ ಅರ್ಜಿದಾರರು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಮಧ್ಯವರ್ತಿಗಳ ಹತ್ತಿರ ಹೋಗಬೇಡಿ.

ತಡ ಆಗಿದ್ದು ಬ್ಯಾಂಕಿನಲ್ಲಿ. ಜಿಲ್ಲಾ ಸಮಿತಿ ಒಪ್ಪಿದ ಮೇಲೂ ಮ್ಯಾನೇಜರ್ ಜಮೀನಿನ ಪತ್ರ ಅಡ ಇಡಿ ಅಂತ ಕೂತರು. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅನ್ನೋದು ಆಗ ರಿಸರ್ವ್ ಬ್ಯಾಂಕಿನ ನಿಯಮ ಆಗಿತ್ತು. "ಸಾರ್, ನಿಯಮ ಹೀಗಿದೆಯಲ್ಲ" ಅಂದರೆ ಮುಖ ಗಂಟಿಕ್ಕಿಕೊಂಡರು. ಕೊನೆಗೆ ಸಾಲ ಆಯ್ತು, ಆದರೆ ಅಷ್ಟರಲ್ಲಿ ಅಗ್ಗದ ಹಣ್ಣಿನ ಸುಗ್ಗಿ ಮುಗಿದಿತ್ತು. ಸರ್ಕಾರ ಸಹಾಯಧನ ಘೋಷಣೆ ಮಾಡಿದರೆ ಸಾಲದು, ಬ್ಯಾಂಕುಗಳ ಬೆನ್ನು ಹತ್ತಬೇಕು.

ಇದಕ್ಕಿಂತ ದೊಡ್ಡ ಕೊರತೆ ಗೊತ್ತಾಗಿದ್ದು ಮೊದಲ ಮಳೆಗಾಲದಲ್ಲಿ. ಯಂತ್ರ ಮಾರಿದವರು ಹೇಳಿಕೊಟ್ಟ ಹಾಗೇ ಒಣಗಿಸಿ, ಪುಡಿ ಮಾಡಿ, ಪಾಲಿಥೀನ್ ಕವರಿಗೆ ಹಾಕಿ ಸೀಲ್ ಮಾಡಿ ಕಳಿಸಿದ್ದೆವು. ಕೆಲವೇ ವಾರದಲ್ಲಿ ಹೋಟೆಲಿನಿಂದ ವಾಪಸ್ ಬಂತು. ಕವರ್ ಹರಿದು ನೋಡಿದರೆ ಪುಡಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿ ಕೂತಿದೆ, ಬಣ್ಣ ಕಂದು ತಿರುಗಿದೆ. ಚಮಚ ಇಳಿಯಲ್ಲ. 100 ಕೆಜಿ ಹಣ್ಣಿಗೆ ಸಿಗೋದೇ ಐದಾರು ಕೆಜಿ ಪುಡಿ, ಉಳಿದದ್ದೆಲ್ಲ ನೀರು. ಅಷ್ಟು ಹಣ್ಣು ಹೆಚ್ಚಿ, ಅಷ್ಟು ಕರೆಂಟ್ ಸುಟ್ಟು ಮಾಡಿದ್ದು ಪೂರ್ತಿ ಚೆಲ್ಲಬೇಕಾಯ್ತು.

ಕಾರಣ ಗೊತ್ತಾಗಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಸ್ವಂತ ಖರ್ಚಿನಲ್ಲಿ ತರಬೇತಿಗೆ ಹೋದಾಗ. ಟೊಮೇಟೊದಲ್ಲಿರೋ ಸಕ್ಕರೆ ಗಾಳಿಯ ತೇವ ಎಳ್ಕೊಳ್ಳುತ್ತೆ. ತೇವಾಂಶ ಶೇ 5ರ ಆಸುಪಾಸಿಗೆ ಇಳಿಸದಿದ್ದರೆ, ಇಳಿಸಿದ ಮೇಲೂ ತೇವದ ಗಾಳಿಯಲ್ಲಿ ಬಿಟ್ಟರೆ, ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಾಲಿಥೀನ್ ಕವರ್ ನೀರನ್ನ ತಡೆದರೂ ತೇವವನ್ನ ಪೂರ್ತಿ ತಡೆಯಲ್ಲ, ಅಲ್ಯೂಮಿನಿಯಂ ಪದರದ ಪೌಚ್ ಬೇಕು. ಬೇಗ ಒಣಗಲಿ ಅಂತ ಡ್ರೈಯರ್ ಶಾಖ ಏರಿಸಿದರೆ ಕೆಂಪು ಹೋಗಿ ಕಂದು ಬರುತ್ತೆ. ಹೋಳು ಮಾಡಿದ ಮೇಲೆ ಯಾವುದರಲ್ಲಿ ಅದ್ದಬೇಕು, ಎಷ್ಟು ಹೊತ್ತು, ಟ್ರೇಯಲ್ಲಿ ಎಷ್ಟು ತೆಳುವಾಗಿ ಹರಡಬೇಕು ಅಂತ ಅಲ್ಲಿನ ವಿಜ್ಞಾನಿಯೊಬ್ಬರು ಕೈಹಿಡಿದು ತೋರಿಸಿದರು. ಈಗ ನಮ್ಮ ಡ್ರೈಯರ್ 60 ಡಿಗ್ರಿ ದಾಟಲ್ಲ. ಟ್ರೇ ಹೊರಗೆ ಬಂದ ಮೇಲೆ ಬಾಗಿಲು ಹಾಕಿ, ಹೋಳು ತಣ್ಣಗಾದ ತಕ್ಷಣ ಪುಡಿ ಮಾಡಿ ಪೌಚಿಗೆ ತುಂಬ್ತೀವಿ. ಹೋದ ಮಳೆಗಾಲ ಒಂದು ಪೊಟ್ಟಣವೂ ವಾಪಸ್ ಬರಲಿಲ್ಲ.

ಇದಕ್ಕೆಲ್ಲ ಖರ್ಚಾಯ್ತು: ತರಬೇತಿ, ಪ್ರಯೋಗಕ್ಕೆ ಹಾಳಾದ ಹಣ್ಣು, ತೇವಾಂಶ ಮತ್ತು ಬಾಳಿಕೆಯ ಪರೀಕ್ಷೆಯ ಶುಲ್ಕ. ಸಹಾಯಧನದ ಲೆಕ್ಕಕ್ಕೆ ಬರೋದು ಯಂತ್ರ ಮತ್ತು ಅದಕ್ಕೆ ಬೇಕಾದ ಕಟ್ಟಡದ ಕೆಲಸ ಮಾತ್ರ. ಸ್ಟೀಲಿಗೆ ಅರ್ಧ ದುಡ್ಡು ಕೊಡೋ ಸರ್ಕಾರ, ಆ ಸ್ಟೀಲಿನಿಂದ ಒಳ್ಳೆ ಮಾಲು ತೆಗೆಯೋಕೆ ಬೇಕಾದ ಪ್ರಯೋಗ, ಪರೀಕ್ಷೆಗೆ ಈ ಸಹಾಯಧನದಲ್ಲಿ ಕೊಡಲ್ಲ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಅದೇ ರಾಜ್ಯ ಸರ್ಕಾರದ ಐಟಿ-ಬಿಟಿ ಇಲಾಖೆಯಲ್ಲಿ 'ಎಲಿವೇಟ್' ಇದೆ. 2017ರಿಂದ ನಡೀತಿದೆ. ಆಯ್ಕೆಯಾದ ಸ್ಟಾರ್ಟ್‌ಅಪ್‌ಗೆ ಹೊಸ ಕಲ್ಪನೆ ಪರೀಕ್ಷಿಸಿ ನೋಡೋಕೆ 50 ಲಕ್ಷದವರೆಗೆ ಅನುದಾನ, ಅದಕ್ಕೆ ಬದಲು ಷೇರು ಕೂಡ ಕೇಳಲ್ಲ. ಬಹಳ ಒಳ್ಳೆ ಯೋಜನೆ. ಆದರೆ ಅದಕ್ಕೆ ನೋಂದಾಯಿತ ಸ್ಟಾರ್ಟ್‌ಅಪ್ ಆಗಿರಬೇಕು, ತೀರ್ಪುಗಾರರ ಮುಂದೆ ನಿಂತು ಮಂಡಿಸಬೇಕು. ನನ್ನ ಹೆಸರಲ್ಲೇ ನಡೆಯೋ ಶೆಡ್ಡಿನ ಘಟಕ ಆ ಕಡೆ ಹೋಗೋ ಹಾಗಿಲ್ಲ. ನಮಗೆ ಬೇಕಾಗಿದ್ದು 50 ಲಕ್ಷವೂ ಅಲ್ಲ, ಪರೀಕ್ಷೆಗೆ ಕೆಲವು ಸಾವಿರ. ಇಲ್ಲೇ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಅಂಥ ಕಡೆ ಮಾಡಿಸೋ ಪರೀಕ್ಷೆಯ ಶುಲ್ಕವನ್ನ ಡಿಪಿಆರ್‌ನಲ್ಲೇ ಒಂದು ಖರ್ಚಿನ ಬಾಬ್ತಾಗಿ ಸೇರಿಸೋಕೆ ಕೆಪೆಕ್ ದಾರಿ ಮಾಡಿಕೊಟ್ಟರೆ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳ ಘಟಕ ಉಳಿಯುತ್ತೆ.

ಹಾಗಾದ್ರೆ ಅರ್ಜಿ ಹಾಕಬೇಕಾ? ಹಾಕಿ, ಐದರಲ್ಲಿ ನಾಲ್ಕು ಅಂಕ ನನ್ನದು. ಸಿಬಿಲ್ ಸ್ಕೋರ್ (ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಅನ್ನೋದರ ಅಂಕ) ಮೊದಲೇ ನೋಡ್ಕೊಳ್ಳಿ. ಸ್ವಸಹಾಯ ಸಂಘದಲ್ಲಿದ್ದರೆ ಸದಸ್ಯರಿಗೆ 40,000 ರೂಪಾಯಿವರೆಗೆ ಬೀಜ ಬಂಡವಾಳ ಬೇರೆಯಾಗಿ ಇದೆ, ಅದನ್ನೂ ವಿಚಾರಿಸಿ. ಡ್ರೈಯರಿನ ಕೊಟೇಷನ್‌ಗೆ ಸಹಿ ಹಾಕೋ ಮುಂಚೆ ನಿಮ್ಮ ಹೊಲದ ಹಣ್ಣನ್ನೇ ಒಂದು ಕ್ರೇಟ್ ತಗೊಂಡು ಹೋಗಿ, ಅವರ ಯಂತ್ರದಲ್ಲಿ ನಿಮ್ಮ ಕಣ್ಣೆದುರೇ ಒಣಗಿಸಿ ಪುಡಿ ಮಾಡಿಸಿ, ಆ ಪುಡಿಯನ್ನ ಮಳೆಗಾಲ ಕಳೆಯೋವರೆಗೂ ಮನೇಲಿಟ್ಟು ನೋಡಿ.